ರನ್‌ವೇ ಮುಗಿದ ಮೇಲಿನ ನೆಲ

(ಪೀಣ್ಯದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಈ ಸಂಜೆಯ ವಿಷಯ ಮಂಗಳೂರು ವಿಮಾನ ನಿಲ್ದಾಣ. ನಮ್ಮ ಕಡೆಯವರ ಬಾಯಲ್ಲಿ ಬಜಪೆ. ಕಾರ್ಖಾನೆಗಳ ನಡುವಿನ ಈ ಸಭಾಂಗಣದಲ್ಲಿ ಮುನ್ನೂರೈವತ್ತು ಕಿಲೋಮೀಟರ್ ಆಚೆಯ ಕಡಲ ತಡಿಯ ನಿಲ್ದಾಣದ ಮಾತು ಯಾಕೆ ಎಂದು ಕೇಳಬಹುದು. ಎರಡು ಕಾರಣಗಳಿವೆ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡುಗಳಿಂದ ಬಂದು ಬೆಂಗಳೂರಿನ ಈ ಹೊರವಲಯದಲ್ಲಿ ನೆಲೆ ನಿಂತ ಮನೆಗಳು ಬಹಳ. ಮಳೆಗಾಲದಲ್ಲಿ ಶಿರಾಡಿ ಘಾಟಿಯ ರಸ್ತೆ ಕುಸಿದು, ಸಕಲೇಶಪುರ–ಸುಬ್ರಹ್ಮಣ್ಯದ ನಡುವೆ ಹಳಿಯ ಮೇಲೆ ಗುಡ್ಡ ಜಾರಿದಾಗ, ಊರಿನಲ್ಲಿ ಹಿರಿಯರು ಹಾಸಿಗೆ ಹಿಡಿದಿದ್ದಾರೆ ಎಂಬ ಸುದ್ದಿ ಬಂದವರಿಗೆ ಬೇಗ ತಲುಪಿಸುವ ದಾರಿ ಅದೊಂದೇ. ಎರಡನೆಯ ಕಾರಣ ನಿಮ್ಮ ಕೆಲಸ. ಪೀಣ್ಯದ ಶೆಡ್ಡುಗಳಲ್ಲಿ ವಿಮಾನದ ಬಿಡಿಭಾಗಗಳು ತಯಾರಾಗುತ್ತವೆ. ಪಕ್ಕದ ಜಾಲಹಳ್ಳಿಯ ಬಿಇಎಲ್ ರಾಡಾರ್ ಮಾಡುತ್ತದೆ. ವಿಮಾನಯಾನದ ಸಾಫ್ಟ್‌ವೇರ್ ಬರೆಯುವವರೂ ಈ ಊರಿನಲ್ಲೇ ಇದ್ದಾರೆ. ವಿಮಾನವನ್ನು ಒಳಗಿನಿಂದ ಬಲ್ಲ ಸಭೆ ಇದು.

ವಿಮಾನ ನಿಲ್ದಾಣವನ್ನು ನಾವು ಟರ್ಮಿನಲ್ಲಿನ ಗಾಜಿನಿಂದ, ಪ್ರಯಾಣಿಕರ ಸಂಖ್ಯೆಯಿಂದ, ಹೊಸ ಊರುಗಳಿಗೆ ಹೊರಡುವ ವಿಮಾನಗಳಿಂದ ಅಳೆಯುತ್ತೇವೆ. ಮೊದಲು ಅಳೆಯಬೇಕಾದದ್ದು ರನ್‌ವೇ ಮುಗಿದ ಮೇಲೆ ಉಳಿಯುವ ಖಾಲಿ ನೆಲವನ್ನು ಎಂಬುದು ನನ್ನ ವಾದ. ಯಾರೂ ಬಳಸಬಾರದು ಎಂದೇ ಬಿಟ್ಟಿಡುವ ನೆಲ ಅದು. ಮನುಷ್ಯ ತಪ್ಪಿದ ದಿನ ಜೀವ ಕಾಯುವುದು ಅದೇ. ಬಜಪೆಯ ಎಪ್ಪತ್ತು ವರ್ಷ ಮೀರಿದ ಚರಿತ್ರೆಯನ್ನು ಈ ಒಂದು ಕಣ್ಣಿನಿಂದ ನಿಮ್ಮ ಮುಂದೆ ಇಡುತ್ತೇನೆ.

ಪದವಿನ ಮೇಲೆ ಯಾಕೆ?

ಮಂಗಳೂರಿನಲ್ಲಿ ಸಮತಟ್ಟಾದ ಜಾಗ ಎಂದರೆ ಎರಡೇ ಬಗೆ. ಒಂದು, ನದಿಗಳ ಬದಿಯ ಬೈಲು. ಅಲ್ಲಿ ಗದ್ದೆ, ತೋಟ, ಜನ, ಮಳೆಗಾಲದಲ್ಲಿ ನೆರೆ. ಇನ್ನೊಂದು, ಗುಡ್ಡದ ನೆತ್ತಿಯ ಮುರಕಲ್ಲಿನ ಪದವು. ಅಲ್ಲಿ ಮಣ್ಣು ತೆಳು, ಬೇಸಾಯ ಕಡಿಮೆ, ನೆಲ ಗಟ್ಟಿ, ನೀರು ನಿಲ್ಲುವುದಿಲ್ಲ. ಕಡಲ ದಂಡೆಯಲ್ಲೇ ಉದ್ದಕ್ಕೆ ನೆಲ ಹುಡುಕಿದರೆ ಮೀನುಗಾರರ ಊರುಗಳು, ಅಳಿವೆಗಳು, ಸರಿಯುವ ಮರಳು. ಹೀಗಾಗಿ ಕಡಲಿನಿಂದ ಹತ್ತು ಕಿಲೋಮೀಟರಿನಷ್ಟು ಒಳಗೆ, ಸಮುದ್ರಮಟ್ಟದಿಂದ ಸುಮಾರು ನೂರು ಮೀಟರ್ ಎತ್ತರದಲ್ಲಿ, ಬಜಪೆಯ ಪದವನ್ನು ಆರಿಸಿದರು. ಆ ಕಾಲಕ್ಕೆ ಅದು ಸರಿಯಾದ ಆಯ್ಕೆಯೇ.

1951ರ ಡಿಸೆಂಬರ್ 25ರಂದು ಪ್ರಧಾನಿ ಜವಾಹರಲಾಲ್ ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿಯುವುದರೊಂದಿಗೆ ನಿಲ್ದಾಣ ಆರಂಭವಾಯಿತು. ದಕ್ಷಿಣ ಕನ್ನಡ ಆಗ ಮದರಾಸು ರಾಜ್ಯದ ಜಿಲ್ಲೆ. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಹಂಚಿನ ಕಾರ್ಖಾನೆಗಳು, ಗೋಡಂಬಿ, ಕಾಫಿ ಸಾಗಣೆಯ ಹಳೆಯ ಬಂದರು, ಊರಿನವರೇ ಕಟ್ಟಿದ ಬ್ಯಾಂಕುಗಳು. ವ್ಯಾಪಾರ ದೊಡ್ಡದು, ಹೊರಜಗತ್ತಿನ ದಾರಿ ಮಾತ್ರ ಕಷ್ಟದ್ದು. ಪೂರ್ವಕ್ಕೆ ಘಟ್ಟ, ಉತ್ತರಕ್ಕೆ ಸಾಲುಸಾಲು ನದಿಗಳು. ಕೊಂಕಣ ರೈಲು ಮಾರ್ಗ ಪೂರ್ಣವಾದದ್ದು 1998ರಲ್ಲಿ. ಅಲ್ಲಿಯ ತನಕ ಮುಂಬಯಿಗೆ ಹಗಲು ರಾತ್ರಿ ಬಸ್ಸಿನಲ್ಲಿ ಹೋಗುತ್ತಿದ್ದವರ ನಾಡಿಗೆ ವಿಮಾನ ಎಂಬುದು ಅಗತ್ಯವೇ ಆಗಿತ್ತು.

ಆ ಮೊದಲ ರನ್‌ವೇಯ ಉದ್ದ ಸುಮಾರು 1,600 ಮೀಟರ್, ಪೂರ್ವ–ಪಶ್ಚಿಮವಾಗಿ ಹಾಸಿದ್ದು. ಡಕೋಟಾಕ್ಕೆ ಅಷ್ಟು ಧಾರಾಳ ಸಾಕು. ವಿಮಾನಗಳು ಬೆಳೆದವು, ರನ್‌ವೇ ಬೆಳೆಯಲಿಲ್ಲ. ಮುಂದೆ ಜೆಟ್ ವಿಮಾನಗಳು ಅದೇ ಪಟ್ಟಿಯ ಮೇಲೆ ಇಳಿಯತೊಡಗಿದವು. 1981ರ ಆಗಸ್ಟ್ 19ರಂದು, ಮಳೆಗಾಲದಲ್ಲಿ, ಇಂಡಿಯನ್ ಏರ್‌ಲೈನ್ಸ್‌ನ ಆವ್ರೋ ವಿಮಾನವೊಂದು ರನ್‌ವೇ ದಾಟಿ ಕಣಿವೆಯ ಅಂಚಿನಲ್ಲಿ ನಿಂತಿತು. ಯಾರೂ ಸಾಯಲಿಲ್ಲ. ಯಾರೂ ಸಾಯದ ಅಪಘಾತ ಪತ್ರಿಕೆಗಳಲ್ಲಿ ಎರಡು ದಿನದ ಸುದ್ದಿ. ನನ್ನ ಮಟ್ಟಿಗೆ ಬಜಪೆಯ ಚರಿತ್ರೆಯಲ್ಲಿ ಅದೇ ಮೊದಲ ಎಚ್ಚರಿಕೆ: ವಿಮಾನ ನಿಂತಲ್ಲಿಂದ ಮುಂದೆ ನೆಲವೇ ಇರಲಿಲ್ಲ.

ಎರಡನೆಯ ರನ್‌ವೇ

ದೊಡ್ಡ ರನ್‌ವೇ ಬೇಕೆಂಬ ಬೇಡಿಕೆಯ ಹಿಂದೆ ಕೊಲ್ಲಿಯ ದೇಶಗಳಿದ್ದವು. ಕರಾವಳಿಯ ಸಾವಿರಾರು ಮನೆಗಳ ಅನ್ನ ದುಬೈ, ಅಬುಧಾಬಿ, ಕುವೈತ್, ಬಹರೇನ್‌ಗಳಿಂದ ಬರುತ್ತಿತ್ತು. ಹಾಗೆ ಹೋಗುವವರು ಮೊದಲು ಮುಂಬಯಿ ಸೇರಬೇಕು, ಅಲ್ಲಿ ಕಾಯಬೇಕು, ರಜೆಯ ಎಷ್ಟೋ ದಿನ ದಾರಿಯಲ್ಲೇ ಕಳೆಯಬೇಕು. ಊರಿನಿಂದ ನೇರ ವಿಮಾನ ಬೇಕೆಂದು ಅವರು ಕೇಳಿದ್ದು ನ್ಯಾಯವಾದದ್ದೇ.

ಹಳೆಯ ರನ್‌ವೇಯನ್ನು ಎಳೆಯಲು ಪದವಿನಲ್ಲಿ ಜಾಗವಿರಲಿಲ್ಲ. ಆದ್ದರಿಂದ ಬೇರೆ ದಿಕ್ಕಿಗೆ, ಈಶಾನ್ಯ–ನೈಋತ್ಯವಾಗಿ, ಹೊಸದೊಂದನ್ನು ಹಾಕಿದರು. ಉದ್ದ 2,450 ಮೀಟರ್. ವಿಮಾನಯಾನದ ಲೆಕ್ಕದಲ್ಲಿ ಇದರ ಹೆಸರು 06/24: ಒಂದು ತುದಿಯಿಂದ ನೋಡಿದರೆ ದಿಕ್ಸೂಚಿಯ 60 ಡಿಗ್ರಿ, ಇನ್ನೊಂದರಿಂದ 240. ನೈಋತ್ಯ ಮುಂಗಾರಿನ ಗಾಳಿಗೆ ಎದುರಾಗಿ ಇಳಿಯಲು ಈ ದಿಕ್ಕು ಅನುಕೂಲ. ಎದುರುಗಾಳಿ ವಿಮಾನದ ನೆಲವೇಗವನ್ನು ಕಡಿಮೆ ಮಾಡಿ ಬೇಗ ನಿಲ್ಲಿಸುತ್ತದೆ. 2006ರಲ್ಲಿ ಈ ರನ್‌ವೇ ಬಳಕೆಗೆ ಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ದುಬೈ ವಿಮಾನ ಹೊರಟಿತು. ಹಬ್ಬದಂತೆ ಸಂಭ್ರಮಿಸಿದ ಊರು ಅದು.

ಈ ಸಂಭ್ರಮದ ಮೊದಲೇ ಬೇರೊಂದು ದನಿಯೂ ಎದ್ದಿತ್ತು. ನಿಲ್ದಾಣದ ಸುತ್ತಲ ಹಳ್ಳಿಗಳವರ ಸಮಿತಿಯೊಂದು, ಬೆಂಗಳೂರಿನ ಎನ್‌ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಜೊತೆ, 1997ರಲ್ಲಿ ಹಾಗೂ 2002ರಲ್ಲಿ ಹೈಕೋರ್ಟಿನ ಮೆಟ್ಟಿಲು ಹತ್ತಿತು. ಜಾಗ ಸಾಲದು, ತುದಿಯ ಆಚೆ ಕಡಿದಾದ ಇಳಿಜಾರಿದೆ, ಹೆಚ್ಚುಕಡಿಮೆ ಆದರೆ ವಿಮಾನ ಕಣಿವೆಗೇ ಬೀಳುತ್ತದೆ ಎಂಬುದು ಅವರ ವಾದದ ತಿರುಳು. ಅರ್ಜಿಗಳು ವಜಾ ಆದವು. 2003ರಲ್ಲಿ ಸುಪ್ರೀಂ ಕೋರ್ಟ್ ಕೂಡ ಕಾಮಗಾರಿಯನ್ನು ತಡೆಯಲಿಲ್ಲ. ಕಾನೂನು, ಪರಿಸರ ನಿಯಮಗಳನ್ನೆಲ್ಲ ಪಾಲಿಸಿ ಕಟ್ಟಿ ಎಂದಿತು. ನೇರ ವಿಮಾನ ಕೇಳಿದವರೂ ಕರಾವಳಿಯವರೇ, ಸಂದೇಹ ಎತ್ತಿದವರೂ ಕರಾವಳಿಯವರೇ. ಎರಡೂ ಮಾತು ನ್ಯಾಯವಾದದ್ದು. ಮೊದಲನೆಯದನ್ನು ನಾವು ಅಭಿವೃದ್ಧಿ ಎಂದೆವು, ಎರಡನೆಯದನ್ನು ಅಡ್ಡಗಾಲು ಎಂದೆವು. ಹಾಗೆ ಎರಡನ್ನೂ ಬೇರೆಬೇರೆ ಪಂಕ್ತಿಯಲ್ಲಿ ಕೂರಿಸಿದ್ದೇ ದೊಡ್ಡ ಹಾನಿ.

2010ರ ಮೇ 22

ಆ ಬೆಳಗ್ಗೆ ಆರು ಗಂಟೆ ದಾಟಿದಾಗ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ 812ನೇ ವಿಮಾನ, ಬೋಯಿಂಗ್ 737–800, ರನ್‌ವೇ ದಾಟಿ ಕಣಿವೆಗೆ ಬಿದ್ದು ಹೊತ್ತಿ ಉರಿಯಿತು. ಒಳಗಿದ್ದ 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು. ಎಂಟು ಮಂದಿ ಬದುಕಿದರು. ಸತ್ತವರಲ್ಲಿ ದಕ್ಷಿಣ ಕನ್ನಡದವರು, ಉಡುಪಿಯವರು, ಕಾಸರಗೋಡಿನವರು. ರಜೆಗೆ ಬರುತ್ತಿದ್ದ ದುಡಿಮೆಗಾರರು, ಹೆಂಗಸರು, ಮಕ್ಕಳು. ಈ ಸಭೆಯಲ್ಲಿ ಬಂಧುಗಳನ್ನೋ ನೆರೆಯವರನ್ನೋ ಅಂದು ಕಳೆದುಕೊಂಡವರು ಇರಬಹುದು. ಅವರ ಮುಂದೆ ಈ ಲೆಕ್ಕಗಳನ್ನು ಹೇಳುವಾಗ ನನಗೆ ಭಾರವಾಗುತ್ತದೆ. ಆದರೂ ಹೇಳಬೇಕು, ಲೆಕ್ಕ ಗೊತ್ತಿದ್ದವರು ಮಾತ್ರ ಅದನ್ನು ಮತ್ತೆ ಆಗದಂತೆ ತಡೆಯಬಲ್ಲರು.

ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ನೇತೃತ್ವದ ತನಿಖೆ ಏನಾಯಿತೆಂಬುದನ್ನು ವಿವರವಾಗಿ ಬರೆದಿದೆ. ಕ್ಯಾಪ್ಟನ್ ದಾರಿಯಲ್ಲಿ ಬಹಳ ಹೊತ್ತು ನಿದ್ದೆ ಮಾಡಿದ್ದರು; ಕಾಕ್‌ಪಿಟ್ ಧ್ವನಿಮುದ್ರಣದಲ್ಲಿ ಅದು ದಾಖಲಾಗಿತ್ತು. ಮಂಗಳೂರಿನ ರಾಡಾರ್ ಎರಡು ದಿನದಿಂದ ಕೆಟ್ಟಿತ್ತು, ಆದ್ದರಿಂದ ವಿಮಾನಕ್ಕೆ ಕೆಳಗಿಳಿಯಲು ಅನುಮತಿ ಸಿಕ್ಕಿದ್ದು ತಡವಾಗಿ. ರನ್‌ವೇ ಹತ್ತಿರ ಬಂದಾಗ ಅದು ಇರಬೇಕಾದದ್ದಕ್ಕಿಂತ ಬಹಳ ಎತ್ತರದಲ್ಲಿತ್ತು. ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹ ಪೈಲಟ್ ಮೂರು ಸಲ ಹೇಳಿದರು. ಆದರೂ ಕ್ಯಾಪ್ಟನ್ ಇಳಿಸಿದರು. ಸುಮಾರು 8,000 ಅಡಿಯ ರನ್‌ವೇಯಲ್ಲಿ ಚಕ್ರ ನೆಲ ಮುಟ್ಟಿದ್ದು 5,200 ಅಡಿ ದಾಟಿದ ಮೇಲೆ. ಉಳಿದಿದ್ದು 2,800 ಅಡಿ. ಆಗಲೂ ಪೂರ್ಣ ಬ್ರೇಕ್ ಹಾಕಿದ್ದರೆ ನಿಲ್ಲುವ ಸಾಧ್ಯತೆ ಇತ್ತೆಂದು ತನಿಖೆ ಹೇಳಿತು. ಕ್ಯಾಪ್ಟನ್ ಕೊನೆಯ ಕ್ಷಣದಲ್ಲಿ ಮೇಲೇರಲು ಯತ್ನಿಸಿದರು. ವಿಮಾನ ತುದಿಯ ಮರಳಿನ ಹಾಸನ್ನೂ ದಾಟಿತು. ಇಳಿಯುವ ವಿಮಾನಕ್ಕೆ ದಿಕ್ಕು ತೋರುವ ಲೋಕಲೈಸರ್ ಆಂಟೆನಾ ನಿಂತಿದ್ದ ಕಾಂಕ್ರೀಟ್ ಕಟ್ಟೆಗೆ ಅದರ ಬಲ ರೆಕ್ಕೆ ಬಡಿಯಿತು. ಅದರ ಮುಂದೆ ಕಣಿವೆ.

ತಪ್ಪು ಕ್ಯಾಪ್ಟನ್ನರದು ಎಂದು ಇಲ್ಲಿಗೆ ಕಡತ ಮುಚ್ಚುವವರಿದ್ದಾರೆ. ತಪ್ಪು ಅವರದು ಎಂಬುದು ನಿಜ. ಆದರೆ ಬೆಳಗಿನ ಜಾವ ಮನುಷ್ಯನ ಎಚ್ಚರ ಮಂಕಾಗುತ್ತದೆ ಎಂಬುದು ರಾತ್ರಿ ಪಾಳಿ ಮಾಡಿದ ನಿಮಗೆ ಯಾರೂ ಕಲಿಸಬೇಕಿಲ್ಲ. ಮನುಷ್ಯ ತಪ್ಪುತ್ತಾನೆ ಎಂದು ಗೊತ್ತಿರುವುದರಿಂದಲೇ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ರನ್‌ವೇಯ ಆಚೆಗೆ ಸುರಕ್ಷತಾ ನೆಲ ಇರಲೇಬೇಕು ಎನ್ನುತ್ತದೆ. ರನ್‌ವೇ ಮುಗಿದ ಮೇಲೆ 60 ಮೀಟರಿನ ಪಟ್ಟಿ, ಅದರ ಮುಂದೆ ಕನಿಷ್ಠ 90 ಮೀಟರ್ ಸುರಕ್ಷತಾ ನೆಲ. ಇರಬೇಕಾದದ್ದು 240 ಮೀಟರ್ ಎಂಬುದು ಅದರ ಶಿಫಾರಸು. ಬಜಪೆಯಲ್ಲಿ ಅಂದು ಇದ್ದದ್ದು 90. ನಿಯಮ ಮುರಿದಿರಲಿಲ್ಲ. ನಿಯಮದ ಅತಿ ಕೆಳಗಿನ ಮೆಟ್ಟಿಲ ಮೇಲೆ ನಿಂತಿತ್ತು, ಅಷ್ಟೇ. ಸುತ್ತ ಮೈಲಿಗಟ್ಟಲೆ ಬಯಲಿರುವ ನಿಲ್ದಾಣಕ್ಕೂ ಮೂರು ಕಡೆ ಕಣಿವೆ ಇರುವ ನಿಲ್ದಾಣಕ್ಕೂ ಕನಿಷ್ಠ ಒಂದೇ ಎಂದರೆ, ಕಣಿವೆಯನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ ಎಂದರ್ಥ.

ನಿಮ್ಮ ಕೆಲಸದಿಂದಲೇ ಒಂದು ಹೋಲಿಕೆ ಹೇಳುತ್ತೇನೆ. ಡ್ರಾಯಿಂಗಿನಲ್ಲಿ ಟಾಲರೆನ್ಸ್ ಕೊಟ್ಟಿರುತ್ತಾರೆ. ಪ್ರತಿ ಪೀಸೂ ಟಾಲರೆನ್ಸಿನ ಕೊನೆಯ ಅಂಚಿನಲ್ಲೇ ಬರುತ್ತಿದ್ದರೆ ಒಳ್ಳೆಯ ಸೂಪರ್‌ವೈಸರ್ ಮೆಷಿನ್ ನಿಲ್ಲಿಸಿ ಟೂಲ್ ನೋಡುತ್ತಾರೆ. ಇನ್ನೂ ರಿಜೆಕ್ಟ್ ಆಗಿಲ್ಲವಲ್ಲ ಎಂದು ಸುಮ್ಮನಿರುವುದಿಲ್ಲ. ಹತ್ತು ಅಂಚುಗಳು ಒಂದೇ ಕಡೆ ಕೂಡಿದರೆ ಜೋಡಣೆ ಕೂರುವುದಿಲ್ಲ. ಆ ಬೆಳಗ್ಗೆ ಕೂಡಿದ್ದೂ ಹಾಗೆಯೇ: ನಿದ್ದೆ, ಕೆಟ್ಟ ರಾಡಾರ್, ತಡವಾದ ಇಳಿತ, ಕಿವಿಗೊಡದ ಎಚ್ಚರಿಕೆ, ಕನಿಷ್ಠ ನೆಲ, ಬಡಿದರೂ ಮುರಿಯದ ಕಟ್ಟೆ.

ಹತ್ತು ವರ್ಷ ಕಳೆದು, 2020ರ ಆಗಸ್ಟ್ 7ರಂದು, ಮಳೆಯ ರಾತ್ರಿ ಕೋಯಿಕ್ಕೋಡಿನಲ್ಲಿ ಅದೇ ಸಂಸ್ಥೆಯ ವಿಮಾನ ಅದೇ ಬಗೆಯ ಗುಡ್ಡದ ನೆತ್ತಿಯ ರನ್‌ವೇ ದಾಟಿ ಬಿತ್ತು. 21 ಮಂದಿ ಸತ್ತರು. ಆ ಬಳಿಕ ಕೇರಳ ಸರ್ಕಾರ ಭೂಮಿ ಸ್ವಾಧೀನಪಡಿಸಿ ಸುರಕ್ಷತಾ ನೆಲಕ್ಕೆ ಕೊಡಲು ಮುಂದಾಯಿತು. ಅಪಘಾತ ಆದ ಮೇಲೆ ಸಿಕ್ಕುವ ನೆಲ ಅಪಘಾತಕ್ಕೆ ಮೊದಲೇ ಸಿಗುವಂತಾಗಬೇಕು.

ದಿನದಿನದ ಕೆಲಸ

ಅಪಘಾತದ ಮಾತಷ್ಟೇ ಆಡಿದರೆ ಬಜಪೆಗೆ ಅನ್ಯಾಯ. ಅಲ್ಲಿ ದಿನವೂ ವಿಮಾನಗಳು ಸುರಕ್ಷಿತವಾಗಿ ಇಳಿಯುತ್ತವೆ, ಏರುತ್ತವೆ. ಅದರ ಹಿಂದಿನ ದುಡಿಮೆಯನ್ನು ನೋಡಬೇಕು.

ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆಯ ಮೂರು ಪಟ್ಟಿಗೂ ಹೆಚ್ಚು ಮಳೆ ಮಂಗಳೂರಿನಲ್ಲಿ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಪದವಿನ ಅಂಚಿಗೆ ಬಡಿದ ಗಾಳಿ ಮೇಲಕ್ಕೆ ಚಿಮ್ಮುತ್ತದೆ, ಕಣಿವೆಯ ಮೇಲೆ ಕೆಳಕ್ಕೆ ಎಳೆಯುತ್ತದೆ. ಸುತ್ತ ಇಳಿಜಾರು ಇರುವುದರಿಂದ ರನ್‌ವೇಯ ಎತ್ತರವನ್ನು ಕಣ್ಣು ತಪ್ಪಾಗಿ ಅಂದಾಜಿಸುವ ಸಾಧ್ಯತೆ ಇದೆ. ಆದ್ದರಿಂದ ಇಂಥ ನಿಲ್ದಾಣದಲ್ಲಿ ವಿಮಾನವನ್ನು ಇಳಿಸುವ, ಏರಿಸುವ ಹೊಣೆ ಕ್ಯಾಪ್ಟನ್ನರದೇ. ಸಹ ಪೈಲಟ್‌ಗೆ ಬಿಡುವುದಿಲ್ಲ. ಹವಾಮಾನ ಕಚೇರಿ ಗಾಳಿ, ಮೋಡ, ಗೋಚರತೆಗಳ ವರದಿಯನ್ನು ಬಿಡದೆ ಕೊಡುತ್ತಿರುತ್ತದೆ. ಗೋಚರತೆ ನಿಗದಿಗಿಂತ ಕೆಳಗಿಳಿದರೆ ವಿಮಾನ ಸುತ್ತು ಹೊಡೆದು ಕಾಯಬೇಕು, ಇಲ್ಲವೇ ಬೇರೆ ನಿಲ್ದಾಣಕ್ಕೆ ತಿರುಗಬೇಕು. ಮಳೆಗಾಲದಲ್ಲಿ ಊರಿಗೆ ಹೊರಟು ಮತ್ತೆ ಬೆಂಗಳೂರಿಗೇ ಬಂದಿಳಿದು ಸಿಡುಕಿದವರು ಇಲ್ಲಿದ್ದರೆ ಅವರಿಗೆ ನನ್ನ ವಿನಂತಿ: ಆ ದಿನ ಯಾರೋ ತಮ್ಮ ಕೆಲಸವನ್ನು ಸರಿಯಾಗಿ ಮಾಡಿದ್ದಾರೆ. ಕಣಿವೆಯ ಅಂಚಿನ ಊರಿನಲ್ಲಿ ತಿರುಗಿ ಹೋಗುವುದು ಒಳ್ಳೆಯ ಪೈಲಟ್ಟಿನ ಗುರುತು.

ನೆಲದ ಮೇಲೂ ಕೆಲಸ ಅಷ್ಟೇ. ರನ್‌ವೇಯ ಮೇಲೆ ಟೈರಿನ ರಬ್ಬರು ಅಂಟಿ ನುಣುಪಾಗುತ್ತದೆ. ಅದನ್ನು ತೆಗೆದು ಹಿಡಿತವನ್ನು ಅಳೆಯಬೇಕು. ನೀರು ಹರಿದು ಹೋಗುವ ಚರಂಡಿ ಕಟ್ಟಿಕೊಳ್ಳಬಾರದು. ಹಕ್ಕಿಗಳನ್ನು ಓಡಿಸಬೇಕು; ನಿಲ್ದಾಣದ ಸುತ್ತ ಹತ್ತು ಕಿಲೋಮೀಟರ್ ವ್ಯಾಪ್ತಿಯಲ್ಲಿ ಬಯಲಿನಲ್ಲಿ ಕಸ ಸುರಿಯುವುದಕ್ಕೆ, ಪ್ರಾಣಿವಧೆ ಮಾಡುವುದಕ್ಕೆ ನಿಷೇಧ ಇರುವುದು ಇದೇ ಕಾರಣಕ್ಕೆ. ಅಗ್ನಿಶಾಮಕ ದಳ ಪ್ರತಿ ವಿಮಾನಕ್ಕೂ ಸಜ್ಜಾಗಿ ಕಾಯುತ್ತದೆ. 2023ರ ಮೊದಲ ತಿಂಗಳುಗಳಲ್ಲಿ ರನ್‌ವೇಗೆ ಹೊಸ ಹಾಸು ಹಾಕಿದ್ದು ನೆನಪಿರಬಹುದು. ಹಗಲು ಒಂಬತ್ತೂವರೆಯಿಂದ ಸಂಜೆ ಆರರ ತನಕ ವಿಮಾನ ಸಂಚಾರ ನಿಲ್ಲಿಸಿ ಕೆಲಸ ಮಾಡಿದರು. ಸಂಜೆ ಆರಕ್ಕೆ ಅದೇ ರನ್‌ವೇ ಮತ್ತೆ ವಿಮಾನಗಳಿಗೆ ತೆರೆಯಬೇಕು. ಅಂದಂದಿನ ತುಂಡು ಅಂದಂದೇ ಗಟ್ಟಿಯಾಗಿ, ಮಟ್ಟವಾಗಿ, ಒಂದು ಕಲ್ಲೂ ಬಿಡದಂತೆ ಮುಗಿಯಬೇಕು. ಮುಂಗಾರು ಬರುವ ಮೊದಲು ಅದನ್ನು ಮುಗಿಸಿದ ಎಂಜಿನಿಯರುಗಳಿಗೂ ಕೂಲಿಕಾರರಿಗೂ ಈ ಸಭೆಯ ನಮಸ್ಕಾರ ಸಲ್ಲಬೇಕು.

ಯಾರು ನಡೆಸಬೇಕು, ಯಾವುದನ್ನು ಅಳೆಯಬೇಕು

2010ರ ಮೇ ತಿಂಗಳಲ್ಲಿ ಕೆಂಜಾರಿನ ಕಡೆ ಹೊಸ ಟರ್ಮಿನಲ್ ಉದ್ಘಾಟನೆಯಾಯಿತು. ಅಪಘಾತಕ್ಕೆ ವಾರ ಮೊದಲು. 2012ರಲ್ಲಿ ಅಂತರರಾಷ್ಟ್ರೀಯ ನಿಲ್ದಾಣದ ಸ್ಥಾನ ಸಿಕ್ಕಿತು. 2020ರ ಅಕ್ಟೋಬರ್ 31ರಂದು ವಿಮಾನ ನಿಲ್ದಾಣ ಪ್ರಾಧಿಕಾರ ಇದರ ನಿರ್ವಹಣೆಯನ್ನು 50 ವರ್ಷಗಳ ಗುತ್ತಿಗೆಯ ಮೇಲೆ ಅದಾನಿ ಸಮೂಹಕ್ಕೆ ಒಪ್ಪಿಸಿತು. ಈಗ ವರ್ಷಕ್ಕೆ 20 ಲಕ್ಷಕ್ಕೂ ಮಿಕ್ಕಿ ಜನ ಅಲ್ಲಿ ಓಡಾಡುತ್ತಾರೆ.

ಖಾಸಗಿಯೋ ಸರ್ಕಾರಿಯೋ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ನನ್ನ ಗಮನ ಒಂದು ಅಂಕಿಯ ಮೇಲಿದೆ. 2019ರ ಹರಾಜಿನಲ್ಲಿ ಗೆದ್ದವರನ್ನು ನಿರ್ಧರಿಸಿದ್ದು ದೇಶೀಯ ಪ್ರಯಾಣಿಕರೊಬ್ಬರಿಗೆ ಎಷ್ಟು ರೂಪಾಯಿ ಪ್ರಾಧಿಕಾರಕ್ಕೆ ಕೊಡುತ್ತೀರಿ ಎಂಬ ಪ್ರಶ್ನೆ. ಮಂಗಳೂರಿಗೆ ಸಿಕ್ಕ ಅತಿ ಹೆಚ್ಚಿನ ಉತ್ತರ 115 ರೂಪಾಯಿ. ಐವತ್ತು ವರ್ಷದ ಹೊಣೆಯನ್ನು ತಲೆಗೆ ಇಷ್ಟು ಎಂಬ ಲೆಕ್ಕದಲ್ಲಿ ತೂಗಿದಾಗ ಎಲ್ಲರ ಕಣ್ಣೂ ತಲೆಗಳನ್ನು ಹೆಚ್ಚಿಸುವ ಕಡೆಗೇ ಹೋಗುತ್ತದೆ. ತುದಿಯ ಖಾಲಿ ನೆಲದಿಂದ ಬಾಡಿಗೆ ಬರುವುದಿಲ್ಲ, ಅಂಗಡಿ ಇಡಲಾಗದು, ಉದ್ಘಾಟನೆಯ ಕಲ್ಲನ್ನೂ ನೆಡಲಾಗದು. ಆದ್ದರಿಂದಲೇ ಅದನ್ನು ಕೇಳುವವರು ಸಾರ್ವಜನಿಕರೇ ಆಗಬೇಕು.

ಆ ನೆಲ ಯಾರದ್ದು ಎಂಬುದನ್ನೂ ಮರೆಯಬಾರದು. ನಿಲ್ದಾಣಕ್ಕಾಗಿ ಬಜಪೆ, ಕೆಂಜಾರು, ಮಳವೂರು, ಅದ್ಯಪಾಡಿ ಕಡೆಗಳಲ್ಲಿ ಜನ ಮನೆ, ತೋಟ, ನಾಗಬನಗಳ ನೆಲೆ ಬಿಟ್ಟುಕೊಟ್ಟಿದ್ದಾರೆ. ಇನ್ನಷ್ಟು ನೆಲ ಬೇಕೆಂದು ಬೆಂಗಳೂರಿನಲ್ಲಿ ಕುಳಿತು ಹೇಳುವುದು ಸುಲಭ. ಸರ್ಕಾರಿ ಬೆಲೆಗೆ ಅಡಿಕೆ ತೋಟವನ್ನು ಕೊಂಡು ಕೈತೊಳೆದುಕೊಂಡರೆ ಮುಂದಿನ ಎಕರೆಗೆ ಮತ್ತೆ ಹತ್ತು ವರ್ಷ ಕೋರ್ಟು ಅಲೆಯಬೇಕು. ಕೊಟ್ಟವರಿಗೆ ತೋಟಕ್ಕೆ ತೋಟ, ಮನೆಗೆ ಮನೆ ಕಟ್ಟಿಸಿ, ಮಕ್ಕಳಿಗೆ ನಿಲ್ದಾಣದಲ್ಲೇ ಕೆಲಸ ಕೊಡಬೇಕು. ಇದರಲ್ಲಿ ರಾಜ್ಯ ಸರ್ಕಾರದ ಹೊಣೆಯೇ ದೊಡ್ಡದು.

ಬೆಂಗಳೂರಿನ ಪಾಲು

ಈ ನಗರಕ್ಕೂ ಇದೇ ಪಾಠ ಗೊತ್ತು. 1990ರ ಫೆಬ್ರವರಿ 14ರಂದು ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ–320 ಎಚ್‌ಎಎಲ್ ನಿಲ್ದಾಣದ ರನ್‌ವೇ ಮುಟ್ಟುವ ಮೊದಲೇ ನೆಲಕ್ಕೆ ಬಡಿದು 92 ಮಂದಿ ಸತ್ತರು. ಅದು ಬಿದ್ದದ್ದು ಗಾಲ್ಫ್ ಮೈದಾನದ ಮೇಲೆ. ಇಂದು ಆ ನಿಲ್ದಾಣದ ಸುತ್ತ ಮಾರತ್ತಹಳ್ಳಿಯಿಂದ ವೈಟ್‌ಫೀಲ್ಡ್ ತನಕ ಬೆಳೆದಿರುವ ಕಟ್ಟಡಗಳನ್ನು ಕಂಡವರಿಗೆ ಖಾಲಿ ನೆಲದ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ನಗರ ಕೊಡಬಹುದಾದದ್ದೂ ಬಹಳ. 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಹುಟ್ಟಿದ ಊರಿದು. ಇಲ್ಲಿಯ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ರನ್‌ವೇಯ ಗೋಚರತೆಯನ್ನು ಅಳೆಯುವ 'ದೃಷ್ಟಿ' ಎಂಬ ಉಪಕರಣವನ್ನು ರೂಪಿಸಿ ದೇಶದ ಹಲವು ನಿಲ್ದಾಣಗಳಿಗೆ ಕೊಟ್ಟಿದೆ. ನೆಲ ಸಾಲದ ಕಡೆ ಇನ್ನೊಂದು ಉಪಾಯವಿದೆ. ರನ್‌ವೇಯ ತುದಿಯಲ್ಲಿ ಹಗುರ ಕಾಂಕ್ರೀಟಿನ ಗಟ್ಟಿಗಳನ್ನು ಹಾಸುತ್ತಾರೆ. ವಿಮಾನದ ಭಾರಕ್ಕೆ ಅವು ಪುಡಿಯಾಗಿ ಚಕ್ರಗಳನ್ನು ಹಿಡಿದು ನಿಲ್ಲಿಸುತ್ತವೆ. 1999ರಲ್ಲಿ ನ್ಯೂಯಾರ್ಕಿನ ಕೆನಡಿ ನಿಲ್ದಾಣದಲ್ಲಿ ರನ್‌ವೇ ದಾಟಿದ ವಿಮಾನವೊಂದು ಹೀಗೆಯೇ ನಿಂತು, ಒಳಗಿದ್ದವರೆಲ್ಲ ಉಳಿದರು. ಇದನ್ನು ನಮ್ಮ ಮಳೆಗೆ, ನಮ್ಮ ಬಿಸಿಲಿಗೆ, ನಮ್ಮ ಬೆಲೆಗೆ ತಕ್ಕಂತೆ ಮಾಡುವುದು ಪ್ರಯೋಗಾಲಯವೂ ಕಾರ್ಖಾನೆಯೂ ಒಂದೇ ಊರಿನಲ್ಲಿರುವ ಬೆಂಗಳೂರಿಗೆ ಸಾಧ್ಯವಾಗಬೇಕಾದ ಕೆಲಸ. ಬಡಿದರೆ ತಾನೇ ಮುರಿದು ಬೀಳುವ ಆಂಟೆನಾ ಕಂಬ, ದೀಪದ ಕಂಬಗಳೂ ಅಷ್ಟೇ. ಆಮದು ಮಾಡಿಕೊಳ್ಳುವ ಗರಿಮೆಯ ಸಾಮಾನುಗಳ ಪಟ್ಟಿಯಲ್ಲಿ ಇವು ಇರುವುದಿಲ್ಲ. ನಿಮ್ಮ ಶೆಡ್ಡುಗಳ ಪಟ್ಟಿಯಲ್ಲಿ ಇರಲಿ.

ಮುಗಿಸುವ ಮೊದಲು ನಾಲ್ಕು ಬೇಡಿಕೆಗಳನ್ನು ಈ ಸಭೆಯ ಮುಂದೆ ಇಡುತ್ತೇನೆ. ಒಂದು, ಬಜಪೆಯ ರನ್‌ವೇಯ ಎರಡೂ ತುದಿಗೆ 240 ಮೀಟರಿನ ಸುರಕ್ಷತಾ ನೆಲ ಅಥವಾ ಅದಕ್ಕೆ ಸಮನಾದ ತಡೆಹಾಸು ಸಿಗುವುದು ಬೇರೆಲ್ಲ ವಿಸ್ತರಣೆಗಿಂತ ಮೊದಲ ಕೆಲಸವಾಗಬೇಕು. ಎರಡು, ನೆಲ ಕೊಡುವವರಿಗೆ ಹಿಂದಿನವರಿಗಿಂತ ಮೇಲಾದ ಬದುಕು ಸಿಗಬೇಕು. ಮೂರು, ರಾಜ್ಯದ ಪ್ರತಿ ನಿಲ್ದಾಣವೂ ತನ್ನ ತುದಿಗಳ ಆಚೆಗೆ ಎಷ್ಟು ಮೀಟರ್ ಖಾಲಿ ನೆಲವಿದೆ, ರಾಡಾರ್ ಎಷ್ಟು ದಿನ ಕೆಲಸ ಮಾಡಲಿಲ್ಲ, ರನ್‌ವೇಯ ಹಿಡಿತ ಎಷ್ಟಿತ್ತು ಎಂಬುದನ್ನು ವರ್ಷಕ್ಕೊಮ್ಮೆ ಕನ್ನಡದಲ್ಲಿ ಪ್ರಕಟಿಸಬೇಕು. ನಾಲ್ಕು, ಅಂಕೋಲಾದ ಅಲಗೇರಿಯಲ್ಲಿ ನೌಕಾನೆಲೆಯ ರನ್‌ವೇ ಬಳಸಿಕೊಂಡು ನಾಗರಿಕ ನಿಲ್ದಾಣ ಮಾಡುವ ಯೋಜನೆ ಇದೆ. ಸೀಬರ್ಡ್ ನೌಕಾನೆಲೆ ಯೋಜನೆಗೆ ಒಮ್ಮೆ ನೆಲ ಬಿಟ್ಟುಕೊಟ್ಟ ಸೀಮೆ ಅದು. ಅಲ್ಲಿಯ ಜನ ಎತ್ತುವ ಪ್ರಶ್ನೆಗಳನ್ನು ನಕ್ಷೆಯ ಮೇಲೆ ಮೊದಲ ಗೆರೆ ಎಳೆಯುವಾಗಲೇ ಕೇಳಿಸಿಕೊಳ್ಳಬೇಕು.

ಈ ನಾಲ್ಕರಲ್ಲಿ ಯಾವುದೂ ಅಸಾಧ್ಯವಲ್ಲ. ಎಲ್ಲಕ್ಕೂ ಬೇಕಾದ ಜ್ಞಾನ ಈ ನಗರದಲ್ಲಿದೆ, ಹಣ ಈ ದೇಶದಲ್ಲಿದೆ. ಕೇಳುವವರು ಬೇಕು. ಕರಾವಳಿಯಿಂದ ಬಂದ ನೀವು ನಿಮ್ಮ ಶಾಸಕರಿಗೆ, ಸಂಸದರಿಗೆ ಮುಂದಿನ ಸಲ ಮನವಿ ಬರೆಯುವಾಗ ಹೊಸ ವಿಮಾನ ಕೇಳುವ ಸಾಲಿನ ಮೇಲೆ ಈ ನೆಲವನ್ನು ಕೇಳುವ ಸಾಲನ್ನು ಬರೆಯಿರಿ. ಈ ಉಪನ್ಯಾಸ ಅಲ್ಲಿಗೆ ಸಾರ್ಥಕವಾಗುತ್ತದೆ.